ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ: ನಾಯಿಯ ಲಿಂಫೋಮಾ

ನಾಯಿಗಳಿಗೆ ಬರುವ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ (ಲಿಂಫ್ ನೋಡ್) ಕ್ಯಾನ್ಸರ್ ಬಗ್ಗೆ ಸಾಕಿದವರಿಂದಲೂ ಪಶುವೈದ್ಯರಿಂದಲೂ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇವೆ. ರೋಗಶಾಸ್ತ್ರ ಮತ್ತು ಕ್ಯಾನ್ಸರ್ ಚಿಕಿತ್ಸೆ ಎರಡೂ ವಿಭಾಗದವರು ಕೂಡಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಏಳು ವರ್ಷದ ಲ್ಯಾಬ್ರಡಾರ್‌ಗೆ ದವಡೆಯ ಕೆಳಗೆ ಎರಡೂ ಕಡೆ, ಹಿಂಗಾಲ ಮಂಡಿಯ ಹಿಂದೆ ಗಂಟುಗಳಾಗಿವೆ. ಮುಟ್ಟಿದರೆ ನೋವಿಲ್ಲ, ಊಟ ಸರಿಯಾಗಿದೆ. ಉಣ್ಣೆ ಜ್ವರ ಇರಬಹುದು ಅಂತ ಒಬ್ಬರು, ಕ್ಯಾನ್ಸರ್ ಅಂತ ಇನ್ನೊಬ್ಬರು ಹೇಳುತ್ತಾರೆ. ಪರಿಚಯದವರು ಪ್ರೆಡ್ನಿಸೋಲೋನ್ ಮಾತ್ರೆ ಕೊಡಿ, ಇಳಿಯುತ್ತೆ ಅನ್ನುತ್ತಿದ್ದಾರೆ. ಕೊಡಲೇ? (ಶಿವಮೊಗ್ಗ)

ಸದ್ಯಕ್ಕೆ ಬೇಡ. ಇಳಿಯುತ್ತದೆ ಅನ್ನುವುದು ನಿಜ, ತೊಂದರೆ ಇರುವುದೂ ಅಲ್ಲಿಯೇ. ಪ್ರೆಡ್ನಿಸೋಲೋನ್ ಒಂದು ಸ್ಟಿರಾಯ್ಡ್. ಅದು ಲಿಂಫೋಸೈಟ್ ಕಣಗಳನ್ನು, ಅಂದರೆ ಈ ಗ್ರಂಥಿಗಳಲ್ಲಿ ತುಂಬಿರುವ ಬಿಳಿ ರಕ್ತಕಣಗಳನ್ನು, ನೇರವಾಗಿ ಕೊಲ್ಲುತ್ತದೆ, ಒಂದೆರಡು ದಿನದಲ್ಲೇ ಗಂಟು ಕರಗಿದ ಹಾಗೆ ಕಾಣುತ್ತದೆ. ಆಮೇಲೆ ಪರೀಕ್ಷೆಗೆಂದು ಗಂಟಿಗೆ ಸೂಜಿ ಹಾಕಿದರೆ ಸಿಗುವುದು ಸತ್ತ ಕಣಗಳು. ರೋಗ ಯಾವುದು, ಯಾವ ಬಗೆಯದು ಎಂದು ಹೇಳಲಾಗುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಸ್ಟಿರಾಯ್ಡ್‌ನ ಅಡಿಯಲ್ಲಿ ಬದುಕಿ ಉಳಿದ ಕ್ಯಾನ್ಸರ್ ಕಣಗಳು ಔಷಧಿಯನ್ನು ಹೊರಗೆ ತಳ್ಳುವ ಪಂಪುಗಳನ್ನು ಹೆಚ್ಚಿಸಿಕೊಳ್ಳುತ್ತವೆ, ಮುಂದೆ ಕೀಮೋಥೆರಪಿ ಕೊಟ್ಟರೂ ಕಡಿಮೆ ಕೆಲಸ ಮಾಡುತ್ತದೆ. ಜ್ವರಕ್ಕೆಂದು ಹಾಕುವ ಇಂಜೆಕ್ಷನ್‌ನಲ್ಲಿ ಡೆಕ್ಸಾಮೆಥಸೋನ್ ಇದೆಯೇ ಎಂದು ಕೂಡ ಕೇಳಿ. ಎಷ್ಟೋ ಬಾರಿ ಸ್ಟಿರಾಯ್ಡ್ ನಾಯಿಯ ಮೈಗೆ ಸೇರುವುದು ಹೀಗೆಯೇ.

ಉಣ್ಣೆ ಜ್ವರದ ಅನುಮಾನ ನಮ್ಮ ಕಡೆ ನ್ಯಾಯವಾದದ್ದೇ. ಉಣ್ಣೆಗಳು ಹರಡುವ ಎರ್ಲಿಕಿಯಾ ಕೇನಿಸ್ ಬ್ಯಾಕ್ಟೀರಿಯಾದ ಸೋಂಕಿನಲ್ಲೂ ದುಗ್ಧಗ್ರಂಥಿಗಳು ಊದುತ್ತವೆ. ಆದರೆ ಅಲ್ಲಿ ಊತ ಸಾಮಾನ್ಯವಾಗಿ ಸಾಧಾರಣ, ಜೊತೆಗೆ ಜ್ವರ, ಪ್ಲೇಟ್‌ಲೆಟ್ ಇಳಿತ, ಕೆಲವೊಮ್ಮೆ ಮೂಗಿನಿಂದ ರಕ್ತ ಇರುತ್ತದೆ. ಚೆನ್ನಾಗಿ ತಿಂದುಕೊಂಡು ಓಡಾಡುವ ನಾಯಿಯ ಗ್ರಂಥಿಗಳು ಎರಡೂ ಬದಿಯಲ್ಲಿ ಗಟ್ಟಿಯಾಗಿ, ನೋವಿಲ್ಲದೆ, ಮಾಮೂಲಿನ ಹಲವು ಪಟ್ಟು ದಪ್ಪವಾದರೆ ಲಿಂಫೋಮಾದ ಅನುಮಾನವೇ ಮುಂದೆ ಬರಬೇಕು. ಭುಜದ ಮುಂದೆ, ಕಂಕುಳಲ್ಲಿ, ತೊಡೆಸಂದಿನಲ್ಲಿ ಕೂಡ ಮುಟ್ಟಿ ನೋಡಿಸಿ. ಆರೋಗ್ಯವಂತ ನಾಯಿಯಲ್ಲಿ ಕಂಕುಳ ಗ್ರಂಥಿ ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ.

ರಕ್ತಪರೀಕ್ಷೆಯಲ್ಲಿ ಎರ್ಲಿಕಿಯಾ ಪಾಸಿಟಿವ್ ಬಂದರೂ ಅಲ್ಲಿಗೇ ನಿಲ್ಲಿಸಬೇಡಿ. ಕ್ಲಿನಿಕ್ಕಿನಲ್ಲಿ ಮಾಡುವ ಕಿಟ್ ಪರೀಕ್ಷೆ ನೋಡುವುದು ಪ್ರತಿಕಾಯಗಳನ್ನು, ಅವು ಹಳೆಯ ಸೋಂಕಿನ ನಂತರವೂ ತಿಂಗಳುಗಟ್ಟಲೆ ಉಳಿಯುತ್ತವೆ. ಒಂದೇ ನಾಯಿಗೆ ಎರಡೂ ರೋಗ ಇರಬಹುದು. ಡಾಕ್ಸಿಸೈಕ್ಲಿನ್ (ಕಿಲೋ ತೂಕಕ್ಕೆ ದಿನಕ್ಕೆ 10 ಮಿ.ಗ್ರಾಂ, 28 ದಿನ) ಶುರು ಮಾಡುವುದಾದರೆ ಮಾಡಲಿ, ಅದು ಸ್ಯಾಂಪಲ್ ಕೆಡಿಸುವುದಿಲ್ಲ. ಆದರೆ ಗಂಟಿಗೆ ಸೂಜಿ ಪರೀಕ್ಷೆ ಅದೇ ದಿನ ಆಗಲಿ. 28 ದಿನ ಕಾದು ನೋಡುವಷ್ಟು ಸಮಯ ಈ ರೋಗ ಕೊಡುವುದಿಲ್ಲ.

ಪ್ರಶ್ನೆ: ನಾನು ಸರ್ಕಾರಿ ಪಶು ಆಸ್ಪತ್ರೆಯ ವೈದ್ಯ. ಲಿಂಫೋಮಾ ಅನುಮಾನದ ನಾಯಿಗಳ ಸ್ಲೈಡ್ ಕಳಿಸಿದರೆ 'ಕಣಗಳು ಒಡೆದಿವೆ, ವರದಿ ಸಾಧ್ಯವಿಲ್ಲ' ಎಂದು ಮೇಲಿಂದ ಮೇಲೆ ಬರುತ್ತಿದೆ. ಎಲ್ಲಿ ತಪ್ಪುತ್ತಿದೆ? ಬಯಾಪ್ಸಿ ಕಳಿಸುವ ಕ್ರಮವನ್ನೂ ತಿಳಿಸಿ. (ವಿಜಯಪುರ)

ಲಿಂಫೋಮಾದ ಕಣಗಳು ಬಹಳ ನಾಜೂಕು. ಬೇರೆ ಗಡ್ಡೆಗೆ ನಡೆಯುವ ಒತ್ತಡ ಇಲ್ಲಿ ನಡೆಯುವುದಿಲ್ಲ. ತಪ್ಪು ಹೆಚ್ಚಾಗಿ ಮೂರು ಕಡೆ ಆಗುತ್ತದೆ: ಗ್ರಂಥಿಯ ಆಯ್ಕೆಯಲ್ಲಿ, ಸಿರಿಂಜ್ ಎಳೆಯುವುದರಲ್ಲಿ, ಸ್ಲೈಡ್ ಹರಡುವುದರಲ್ಲಿ.

ದವಡೆಯ ಕೆಳಗಿನ ಗ್ರಂಥಿ ಕೈಗೆ ಸುಲಭ, ಆದರೆ ಹಲ್ಲು, ಒಸಡಿನ ಸೋಂಕಿನಿಂದ ಅದು ಸದಾ ಕೆರಳಿರುತ್ತದೆ. ಪಕ್ಕದಲ್ಲೇ ಜೊಲ್ಲುಗ್ರಂಥಿಯೂ ಇದೆ, ಅದಕ್ಕೇ ಸೂಜಿ ಹೋಗುವುದು ಅಪರೂಪವಲ್ಲ. ಮಂಡಿಯ ಹಿಂದಿನದು ಅಥವಾ ಭುಜದ ಮುಂದಿನದು ಮೇಲು, ಕನಿಷ್ಠ ಎರಡು ಗ್ರಂಥಿಗಳಿಂದ ತೆಗೆಯಿರಿ. ತುಂಬಾ ದಪ್ಪವಾದ ಗ್ರಂಥಿಯ ನಡುಭಾಗ ಕೊಳೆತಿರಬಹುದು. ಹಾಗಾಗಿ ಸೂಜಿ ಓರೆಯಾಗಿ ಅಂಚಿನ ಕಡೆ ಹೋಗಲಿ.

22 ಅಥವಾ 23 ಗೇಜ್ ಸೂಜಿ ಸಾಕು. ಸಿರಿಂಜ್ ಇಲ್ಲದೆ ಬರೀ ಸೂಜಿಯನ್ನು ಚುಚ್ಚಿ, ಗ್ರಂಥಿಯೊಳಗೇ ಐದಾರು ಸಲ ಹಿಂದೆ ಮುಂದೆ ಆಡಿಸಿ ಹೊರತೆಗೆಯಿರಿ. ಗಾಳಿ ತುಂಬಿಟ್ಟ 5 ಮಿ.ಲೀ. ಸಿರಿಂಜ್ ಸಿಕ್ಕಿಸಿ ಸ್ಲೈಡಿನ ಮೇಲೆ ಊದಿ. ಎಳೆದರೆ ರಕ್ತ ಬರುತ್ತದೆ, ಕಣವೂ ಒಡೆಯುತ್ತದೆ. ಎರಡನೇ ಸ್ಲೈಡನ್ನು ಮೇಲಿಟ್ಟು ಅದರ ತೂಕಕ್ಕೇ ಬಿಟ್ಟು ಜಾರಿಸಿ, ಬೆರಳಿನ ಒತ್ತಡ ಬೇಡವೇ ಬೇಡ. ಫ್ಯಾನಿನ ಗಾಳಿಗೆ ಬೇಗ ಒಣಗಿಸಿ. ನಿಧಾನವಾಗಿ ಒಣಗಿದರೆ ಕಣಗಳು ಕುಗ್ಗಿ ಗಾತ್ರ ಅಳೆಯಲಾಗುವುದಿಲ್ಲ. ಕನಿಷ್ಠ ನಾಲ್ಕು ಸ್ಲೈಡ್ ಮಾಡಿ, ಎರಡನ್ನು ಬಣ್ಣ ಹಾಕದೆ ಕಳಿಸಿ, ಹೆಸರು ಪೆನ್ಸಿಲಿನಲ್ಲಿ ಬರೆಯಿರಿ. ಬಣ್ಣ ಹಾಕದ ಸ್ಲೈಡನ್ನು ಫ್ರಿಜ್ಜಿನಲ್ಲಿಡಬೇಡಿ, ಹೊರತೆಗೆದಾಗ ಕೂರುವ ನೀರಹನಿಗೆ ಕಣ ಒಡೆಯುತ್ತದೆ. ಅಲ್ಟ್ರಾಸೌಂಡ್ ಜೆಲ್ ಚರ್ಮದ ಮೇಲೆ ಉಳಿದಿದ್ದರೆ ಒರೆಸಿ, ಅದು ನೇರಳೆ ಕಸವಾಗಿ ಇಡೀ ಸ್ಲೈಡನ್ನು ಮುಚ್ಚುತ್ತದೆ.

ಇನ್ನೊಂದು, ಇದು ಕೆಲಸ ಬಲ್ಲವರೂ ಮರೆಯುವಂಥದ್ದು: ಫಾರ್ಮಲಿನ್ ಬಾಟಲಿಯನ್ನೂ ಸ್ಲೈಡ್‌ಗಳನ್ನೂ ಒಂದೇ ಡಬ್ಬಿಯಲ್ಲಿ ಕಳಿಸಬಾರದು. ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ಆವಿ ಸೋರಿ ಸ್ಲೈಡಿಗೆ ಬಣ್ಣ ಹಿಡಿಯದಂತೆ ಮಾಡುತ್ತದೆ.

ನೀವೇ ಸೂಕ್ಷ್ಮದರ್ಶಕದಲ್ಲಿ ನೋಡುವುದಾದರೆ ಒಡೆಯದ ಕಣಗಳನ್ನು ಮಾತ್ರ ಎಣಿಸಿ. ನ್ಯೂಕ್ಲಿಯಸ್ ಅದೇ ಸ್ಲೈಡಿನ ಕೆಂಪು ರಕ್ತಕಣದ ಎರಡರಷ್ಟು ಅಥವಾ ಹೆಚ್ಚಿರುವ ದೊಡ್ಡ ಲಿಂಫಾಯ್ಡ್ ಕಣಗಳು ಅರ್ಧಕ್ಕಿಂತ ಹೆಚ್ಚಿದ್ದರೆ ದೊಡ್ಡ ಕಣಗಳ ಲಿಂಫೋಮಾ ಎನ್ನಬಹುದು. ಸಣ್ಣ, ದೊಡ್ಡ ಕಣಗಳು ಬೆರೆತು ಪ್ಲಾಸ್ಮಾ ಕಣಗಳೂ ಇದ್ದರೆ ಸೋಂಕಿಗೆ ಕೆರಳಿದ ಗ್ರಂಥಿ ಇರಬೇಕು. ನಡುವಿನದ್ದಕ್ಕೆ ಬಯಾಪ್ಸಿಯೇ ದಾರಿ. ಕೋಶದ್ರವದಲ್ಲಿ ಸಾಲಾಗಿ ಗುಳ್ಳೆ ಕಂಡರೆ ಟಿವಿಟಿ, ಅಂದರೆ ಬೀದಿನಾಯಿಗಳಲ್ಲಿ ಸಾಮಾನ್ಯವಾದ ಜನನಾಂಗದ ಅಂಟು ಗಡ್ಡೆ, ಇರಬಹುದೆಂದು ಯೋಚಿಸಿ. ಟಿವಿಟಿಗೆ ಕೊಡುವ ಕೀಮೋ ಔಷಧಿಯಾದ್ದರಿಂದ ವಿನ್‌ಕ್ರಿಸ್ಟಿನ್ ನಮ್ಮ ಎಲ್ಲ ವೈದ್ಯರಿಗೂ ಪರಿಚಿತ. 'ಒಂದು ಡೋಸ್ ಹಾಕಿ ನೋಡೋಣ' ಎನ್ನುವ ಆಸೆಯೂ ಬರುತ್ತದೆ. ಹಾಕಬೇಡಿ. ಲಿಂಫೋಮಾ ಕೂಡ ಅದಕ್ಕೆ ಕೆಲ ಕಾಲ ಕರಗುತ್ತದೆ, ಕರಗಿದ್ದರಿಂದ ಯಾವುದೂ ರುಜುವಾಗುವುದಿಲ್ಲ.

ಬಯಾಪ್ಸಿಗೆ ಮಂಡಿಯ ಹಿಂದಿನ ಗ್ರಂಥಿಯನ್ನು ಹೊರಕವಚದ ಸಮೇತ ಇಡಿಯಾಗಿ ತೆಗೆಯುವುದು ಉತ್ತಮ. ಸಣ್ಣ ಕಣಗಳ ಲಿಂಫೋಮಾಗಳಲ್ಲಿ ಕಣಕ್ಕಿಂತ ಗ್ರಂಥಿಯ ರಚನೆ ಹಾಳಾಗಿರುವುದೇ ಸಾಕ್ಷಿ, ಚೂರಿನಲ್ಲಿ ಅದು ಕಾಣದು. ಗ್ರಂಥಿಯನ್ನು ಎರಡಾಗಿ ಕೊಯ್ದು, ಕೊಯ್ದ ಮುಖದ ರಕ್ತವನ್ನು ಒತ್ತಿ ಹೀರಿ, ಎರಡು ಮೂರು ಸ್ಲೈಡಿಗೆ ಅಚ್ಚು ತೆಗೆಯಿರಿ. ನಂತರ 5 ಮಿ.ಮೀ. ದಪ್ಪದ ಹೋಳು ಮಾಡಿ ಅಗಲ ಬಾಯಿಯ ಡಬ್ಬಿಯಲ್ಲಿ, ಅಂಗಾಂಶದ ಹತ್ತು ಪಟ್ಟು ಫಾರ್ಮಲಿನ್‌ನಲ್ಲಿ ಹಾಕಿ. ಇಡಿಯಾಗಿ ಹಾಕಿದ ಗ್ರಂಥಿಯ ಒಳಭಾಗಕ್ಕೆ ಫಾರ್ಮಲಿನ್ ಮುಟ್ಟುವ ಮೊದಲೇ ಅದು ಕೊಳೆಯುತ್ತದೆ. ಬಫರ್ ಇರುವ ದ್ರಾವಣವನ್ನು ನೀವೇ ಮಾಡಿಕೊಳ್ಳಬಹುದು: ಅಂಗಡಿಯ ಫಾರ್ಮಲಿನ್ 100 ಮಿ.ಲೀ., ಡಿಸ್ಟಿಲ್ಡ್ ವಾಟರ್ 900 ಮಿ.ಲೀ., ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮೊನೊಹೈಡ್ರೇಟ್ 4 ಗ್ರಾಂ, ನೀರಿನಂಶವಿಲ್ಲದ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಬಫರ್ ಇಲ್ಲದಿದ್ದರೆ ದ್ರಾವಣ ಆಮ್ಲೀಯವಾಗಿ ಅಂಗಾಂಶದ ಮೇಲೆ ಕಂದುಕಪ್ಪು ಪುಡಿ ಕೂರುತ್ತದೆ. 24ರಿಂದ 48 ಗಂಟೆಯೊಳಗೆ ಪ್ರಯೋಗಾಲಯ ಸೇರಲಿ. ವಾರಗಟ್ಟಲೆ ನೆನೆದ ಅಂಗಾಂಶದಲ್ಲಿ ಬಿ-ಸೆಲ್, ಟಿ-ಸೆಲ್ (ಲಿಂಫೋಸೈಟ್ ಕಣಗಳ ಎರಡು ಬಗೆ) ಗುರುತುಗಳು ಮಸುಕಾಗುತ್ತವೆ.

ಪ್ರಶ್ನೆ: ಸೂಜಿ ಪರೀಕ್ಷೆಯಲ್ಲೇ ಲಿಂಫೋಮಾ ಎಂದು ಗೊತ್ತಾಗಿದೆ. ಆದರೂ ಬಯಾಪ್ಸಿ, ಇಮ್ಯುನೋ ಪರೀಕ್ಷೆ ಎಂದು ಬರೆದುಕೊಟ್ಟಿದ್ದಾರೆ. ಖರ್ಚು ಹೆಚ್ಚು. ನಿಜಕ್ಕೂ ಬೇಕೇ? (ಮೈಸೂರು)

ಚಿಕಿತ್ಸೆ ಮಾಡಿಸುವ ಮನಸ್ಸಿದ್ದರೆ ಬೇಕು. ಮಾಡಿಸುವುದಿಲ್ಲ ಎಂದು ಈಗಲೇ ತೀರ್ಮಾನಿಸಿದ್ದರೆ ಬೇಡ. ಇಮ್ಯುನೋ ಪರೀಕ್ಷೆ ಎಂದರೆ ಕಣಗಳ ಗುರುತು ಪ್ರೋಟೀನ್‌ಗಳಿಗೆ ಬಣ್ಣ ಹಿಡಿಸಿ ಅವು ಯಾವ ಬಗೆ ಎಂದು ತಿಳಿಯುವುದು.

ಲಿಂಫೋಮಾ ಒಂದು ರೋಗವಲ್ಲ, ಒಂದು ಗುಂಪು. 2011ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 17 ರೋಗಶಾಸ್ತ್ರಜ್ಞರು ನಾಯಿಗಳ 300 ಲಿಂಫೋಮಾ ಸ್ಲೈಡುಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಂತೆ ವಿಂಗಡಿಸಿದರು. ಐದು ಬಗೆಗಳೇ ಸುಮಾರು ಶೇ 80ರಷ್ಟಿದ್ದವು. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಡಿಎಲ್‌ಬಿಸಿಎಲ್ ಎಂದು ಕರೆಯುವ, ದೊಡ್ಡ ಬಿ-ಸೆಲ್‌ಗಳು ಗ್ರಂಥಿಯ ತುಂಬ ಹರಡುವ ಬಗೆ. ಉಳಿದವು ಮಾರ್ಜಿನಲ್ ಜೋನ್, ಪೆರಿಫೆರಲ್ ಟಿ-ಸೆಲ್, ಟಿ-ಜೋನ್, ಟಿ-ಲಿಂಫೋಬ್ಲಾಸ್ಟಿಕ್.

ಇವುಗಳ ನಡುವಿನ ಅಂತರ ಎಷ್ಟೆಂದರೆ, ಟಿ-ಜೋನ್ ಲಿಂಫೋಮಾದ ನಾಯಿ ಗಟ್ಟಿ ಕೀಮೋ ಇಲ್ಲದೆಯೂ ಎರಡು ವರ್ಷ ದಾಟಬಹುದು. ಬರೀ ಗಮನಿಸುತ್ತಾ ಇರುವುದು, ಬೇಕಾದಾಗ ಕ್ಲೋರಾಂಬುಸಿಲ್ ಮತ್ತು ಪ್ರೆಡ್ನಿಸೋಲೋನ್ ಮಾತ್ರೆ, ಇಷ್ಟೇ ಸಾಕಾಗುತ್ತದೆ. ಗೋಲ್ಡನ್ ರಿಟ್ರೀವರ್ ಮತ್ತು ಶಿಟ್ಜುಗಳಲ್ಲಿ ಇದು ಹೆಚ್ಚು. ಅದೇ ಗಾತ್ರದ ಗಂಟಿನ ಟಿ-ಲಿಂಫೋಬ್ಲಾಸ್ಟಿಕ್ ನಾಯಿ ಕೆಲವೇ ತಿಂಗಳಲ್ಲಿ ಹೋಗಿಬಿಡಬಹುದು. ಹೊರಗಿನಿಂದ ಮುಟ್ಟಿದರೆ ಎರಡೂ ಒಂದೇ. ಟಿ-ಜೋನ್ ಇರುವ ನಾಯಿಗೆ ಆರು ತಿಂಗಳ ಕೀಮೋ ಕೊಡಿಸುವ ಖರ್ಚಿನ ಮುಂದೆ ಈ ಪರೀಕ್ಷೆಯ ಖರ್ಚು ದೊಡ್ಡದಲ್ಲ.

ವರದಿಯಲ್ಲಿ ನೋಡಬೇಕಾದ್ದು: ಕಣದ ಗಾತ್ರ, ಬೆಳೆಯುವ ವಿನ್ಯಾಸ, 400 ಪಟ್ಟು ದೊಡ್ಡದಾಗಿ ಕಾಣುವ ಒಂದು ಕ್ಷೇತ್ರದಲ್ಲಿ ಎಷ್ಟು ಕಣ ಒಡೆದು ಎರಡಾಗುತ್ತಿವೆ (5ರವರೆಗೆ ಕಡಿಮೆ ದರ್ಜೆ, 6ರಿಂದ 10 ಮಧ್ಯಮ, 10ಕ್ಕಿಂತ ಹೆಚ್ಚಾದರೆ ಹೆಚ್ಚಿನ ದರ್ಜೆ), ಮತ್ತು ಗುರುತು ಪ್ರೋಟೀನ್‌ಗಳು. ಸಿಡಿ3 ಇದ್ದರೆ ಟಿ-ಸೆಲ್. ಸಿಡಿ20, ಸಿಡಿ79ಎ, ಪ್ಯಾಕ್ಸ್5 ಇದ್ದರೆ ಬಿ-ಸೆಲ್. ಒಂದೇ ಬಿ ಗುರುತು ನಂಬಿ ಕೂರಬೇಡಿ, ಎರಡಾದರೂ ಹಾಕಿಸಿ. ಫ್ಲೋ ಸೈಟೋಮೆಟ್ರಿ, ಅಂದರೆ ಕಣಗಳ ಮೇಲಿನ ಗುರುತುಗಳನ್ನು ಯಂತ್ರದಲ್ಲಿ ಓದುವ ಸೌಲಭ್ಯ, ಇರುವ ಕಡೆ ಸೂಜಿಯ ಸ್ಯಾಂಪಲ್‌ನಲ್ಲೇ ಟಿ-ಜೋನ್ ಗೊತ್ತಾಗುತ್ತದೆ: ಆ ಟಿ-ಸೆಲ್‌ಗಳ ಮೇಲೆ ಸಿಡಿ45 ಇರುವುದಿಲ್ಲ. ಆದರೆ ಅದಕ್ಕೆ ಕಣಗಳು ಜೀವಂತವಾಗಿ, ತಂಪಾಗಿ, ಆದರೆ ಮಂಜುಗಡ್ಡೆಯಾಗದೆ ಒಂದೆರಡು ದಿನದಲ್ಲಿ ತಲುಪಬೇಕು.

ಪ್ರಶ್ನೆ: ಪಾರ್ ಪರೀಕ್ಷೆಯಲ್ಲಿ ಟಿ-ಸೆಲ್ ಕ್ಲೋನ್, ಇಮ್ಯುನೋ ವರದಿಯಲ್ಲಿ ಬಿ-ಸೆಲ್ ಎಂದಿದೆ. ಯಾವುದು ಸರಿ? (ಧಾರವಾಡ)

ಇಮ್ಯುನೋ. ಪಾರ್ ಎಂಬುದು ಕಣಗಳ ಜೀನ್ ನೋಡುವ ಪರೀಕ್ಷೆ. ಅದು ಹೇಳುವುದು ಕಣಗಳೆಲ್ಲ ಒಂದೇ ತಾಯಿಕಣದ ಸಂತತಿಯೇ, ಅಂದರೆ ಕ್ಲೋನೇ, ಎಂಬುದನ್ನು ಮಾತ್ರ. ಕ್ಯಾನ್ಸರ್ ಆದ ಬಿ-ಸೆಲ್ ತನ್ನದಲ್ಲದ ಟಿ-ರಿಸೆಪ್ಟರ್ ಜೀನನ್ನು ಜೋಡಿಸಿಕೊಂಡಿರುವುದುಂಟು. ಎರ್ಲಿಕಿಯಾ ಸೋಂಕಿನಲ್ಲೂ ಕೆಲವೊಮ್ಮೆ ಕ್ಲೋನ್ ಬರುತ್ತದೆ. ಅನುಮಾನದ ಸ್ಲೈಡ್ ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಪಾರ್ ಒಳ್ಳೆಯದು, ಬಗೆ ನಿರ್ಧರಿಸಲಿಕ್ಕಲ್ಲ.

ಪ್ರಶ್ನೆ: ಐದು ವರ್ಷದ ಬಾಕ್ಸರ್. ಬಕೆಟ್‌ಗಟ್ಟಲೆ ನೀರು ಕುಡಿದು ಮನೆಯೊಳಗೇ ಮೂತ್ರ ಮಾಡುತ್ತಿದೆ. ಕ್ಯಾಲ್ಸಿಯಂ 14.5 ಬಂದಿದೆ, ಗಂಟು ಹೊರಗೆಲ್ಲೂ ಇಲ್ಲ. ಇದೂ ಲಿಂಫೋಮಾನಾ? (ಬೆಂಗಳೂರು)

ಆಗಿರುವ ಸಾಧ್ಯತೆ ಬಲವಾಗಿದೆ. ನಾಯಿಯಲ್ಲಿ ಮಾಮೂಲು ಮಿತಿ ಡೆಸಿಲೀಟರಿಗೆ ಸುಮಾರು 9ರಿಂದ 11.5 ಮಿ.ಗ್ರಾಂ. ಬಾಕ್ಸರ್‌ಗಳಲ್ಲಿ ಟಿ-ಸೆಲ್ ಲಿಂಫೋಮಾ ಹೆಚ್ಚು. ಆ ಕಣಗಳು ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಹೋಲುವ ಪ್ರೋಟೀನ್ ಸುರಿಸಿ ಕ್ಯಾಲ್ಸಿಯಂ ಏರಿಸುತ್ತವೆ. ಗಡ್ಡೆ ಎದೆಯೊಳಗೆ, ಹೃದಯದ ಮುಂದೆ ಅಡಗಿರಬಹುದು, ಎದೆಯ ಎಕ್ಸ್‌ರೇ ಇಂದೇ ಆಗಲಿ. ಗುದದ್ವಾರದ ಪಕ್ಕದ ಚೀಲಗಳ ಕ್ಯಾನ್ಸರ್ ಕೂಡ ಹೀಗೆಯೇ ಕ್ಯಾಲ್ಸಿಯಂ ಏರಿಸುವುದರಿಂದ ಬೆರಳು ಹಾಕಿ ಗುದಪರೀಕ್ಷೆ ಮಾಡಲೇಬೇಕು, ಇದನ್ನು ಬಿಟ್ಟು ದುಬಾರಿ ಸ್ಕ್ಯಾನ್ ಬರೆಯುವುದು ತಪ್ಪು. ಅಯಾನೀಕೃತ ಕ್ಯಾಲ್ಸಿಯಂ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಿಸಿ.

ಇದು ಕಾಯುವ ಸ್ಥಿತಿಯಲ್ಲ, ಮೂತ್ರಪಿಂಡ ಕೆಡುತ್ತದೆ. ನಾರ್ಮಲ್ ಸಲೈನ್ ಡ್ರಿಪ್ ಮೊದಲು. ಮೈಯಲ್ಲಿ ನೀರಿನಂಶ ತುಂಬಿದ ಮೇಲಷ್ಟೇ ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್. ಸ್ಟಿರಾಯ್ಡ್ ಕ್ಯಾಲ್ಸಿಯಂ ಬೇಗ ಇಳಿಸುತ್ತದೆ, ಆದರೆ ಇಲ್ಲಿಯೂ ಸ್ಯಾಂಪಲ್ ತೆಗೆದ ಮೇಲೆಯೇ.

ಪ್ರಶ್ನೆ: 'ಚಿಕಿತ್ಸೆ ಕೊಟ್ಟರೆ ಒಂದು ವರ್ಷ' ಎಂದು ಓದಿದೆ. ನಮ್ಮ ನಾಯಿಗೆ ಮೂರನೇ ಹಂತ, ಬಿ-ಸೆಲ್. ಅದು ಒಂದು ವರ್ಷ ಬದುಕುತ್ತದೆಯೇ? (ಉಡುಪಿ)

ಆ 'ಒಂದು ವರ್ಷ' ಮಧ್ಯದ ಅಂಕಿ: ಅರ್ಧ ನಾಯಿಗಳು ಅದಕ್ಕಿಂತ ಮೊದಲೇ ಹೋಗಿರುತ್ತವೆ, ಅರ್ಧ ನಾಯಿಗಳು ಆ ದಿನ ಇನ್ನೂ ಇರುತ್ತವೆ. ನಿಮ್ಮ ನಾಯಿಗೆ ಕೊಟ್ಟ ಗಡುವಲ್ಲ. ಅಂಕಿಗಳನ್ನು ಒಟ್ಟಿಗೆ ನೋಡಿ. ಹೆಚ್ಚಿನ ದರ್ಜೆಯ ಲಿಂಫೋಮಾಕ್ಕೆ ಏನೂ ಕೊಡದಿದ್ದರೆ ಸಾಮಾನ್ಯವಾಗಿ 4ರಿಂದ 6 ವಾರ. ಪ್ರೆಡ್ನಿಸೋಲೋನ್ ಒಂದೇ ಆದರೆ ಒಂದೆರಡು ತಿಂಗಳು. ಕೀಮೋ ಔಷಧಿ ಡಾಕ್ಸೊರುಬಿಸಿನ್ ಒಂದನ್ನೇ ಮೂರು ವಾರಕ್ಕೊಮ್ಮೆ ಐದು ಸಲ ಕೊಟ್ಟರೆ ಸುಮಾರು 6ರಿಂದ 8 ತಿಂಗಳು. ವಿನ್‌ಕ್ರಿಸ್ಟಿನ್, ಸೈಕ್ಲೊಫಾಸ್ಫಮೈಡ್, ಡಾಕ್ಸೊರುಬಿಸಿನ್, ಪ್ರೆಡ್ನಿಸೋಲೋನ್ ನಾಲ್ಕೂ ಸೇರಿದ 'ಚಾಪ್' ಕ್ರಮದಲ್ಲಿ ಬಿ-ಸೆಲ್‌ಗೆ ಸುಮಾರು ವರ್ಷ, ಟಿ-ಸೆಲ್‌ಗೆ 6ರಿಂದ 9 ತಿಂಗಳು. ಚಾಪ್ ಪಡೆದವುಗಳಲ್ಲಿ ಐದರಲ್ಲಿ ಒಂದು ಅಥವಾ ನಾಲ್ಕರಲ್ಲಿ ಒಂದು ನಾಯಿ ಎರಡು ವರ್ಷ ದಾಟುತ್ತದೆ.

ಹಂತಕ್ಕೆ ಜನ ಕೊಡುವಷ್ಟು ಬೆಲೆ ನಾವು ಕೊಡುವುದಿಲ್ಲ. ಮೈಯೆಲ್ಲ ಗ್ರಂಥಿಗಳಿದ್ದರೆ ಮೂರು, ಯಕೃತ್ತು ಅಥವಾ ಗುಲ್ಮಕ್ಕೆ ಹರಡಿದರೆ ನಾಲ್ಕು, ರಕ್ತ, ಮಜ್ಜೆ ಅಥವಾ ಬೇರೆ ಅಂಗಕ್ಕೆ ಹೋಗಿದ್ದರೆ ಐದು. ಮೂರಕ್ಕೂ ನಾಲ್ಕಕ್ಕೂ ಫಲಿತಾಂಶದಲ್ಲಿ ದೊಡ್ಡ ಅಂತರವಿಲ್ಲ. ಹಂತದ ಪಕ್ಕದ 'ಎ' ಅಥವಾ 'ಬಿ' ಅಕ್ಷರ ಕೇಳಿ: 'ಎ' ಎಂದರೆ ನಾಯಿ ಗೆಲುವಾಗಿದೆ, 'ಬಿ' ಎಂದರೆ ಜ್ವರ, ವಾಂತಿ, ತೂಕ ಇಳಿತದಂತಹ ತೊಂದರೆ ಶುರುವಾಗಿದೆ. ಈ ಅಕ್ಷರ ಮತ್ತು ಬಿ-ಸೆಲ್, ಟಿ-ಸೆಲ್ ಭೇದ, ಎರಡೂ ಹಂತದ ಅಂಕಿಗಿಂತ ಹೆಚ್ಚು ಹೇಳುತ್ತವೆ. ರಕ್ತಹೀನತೆ, ಏರಿದ ಕ್ಯಾಲ್ಸಿಯಂ, ಎದೆಯೊಳಗಿನ ಗಡ್ಡೆ, ಮೊದಲೇ ತಿಂಗಳುಗಟ್ಟಲೆ ತೆಗೆದುಕೊಂಡ ಸ್ಟಿರಾಯ್ಡ್ ಕೆಟ್ಟ ಸೂಚನೆಗಳು.

ಎಲ್ಲಕ್ಕಿಂತ ನಂಬಬಹುದಾದ ಸೂಚನೆ ಚಿಕಿತ್ಸೆಯ ಮೊದಲ ವಾರಗಳಲ್ಲಿ ಸಿಗುತ್ತದೆ. ಗ್ರಂಥಿಗಳು ಪೂರ್ತಿ ಮಾಮೂಲಿಗೆ ಬಂದ ನಾಯಿ ಹೆಚ್ಚು ಕಾಲ ಉಳಿಯುತ್ತದೆ. ಇದನ್ನು ಕೈಅಂದಾಜಿನಲ್ಲಿ ಬಿಡದೆ ಕ್ಯಾಲಿಪರ್‌ನಿಂದ ಐದರವರೆಗೆ ಗ್ರಂಥಿಗಳ ಉದ್ದ ಅಳೆದು ಬರೆದಿಡಲು ಹೇಳಿ. ಒಟ್ಟು ಮೊತ್ತ ಶೇ 30ರಷ್ಟಾದರೂ ಇಳಿದರೆ ಭಾಗಶಃ ಗುಣ, ಇಳಿದಿದ್ದು ಮತ್ತೆ ಶೇ 20 ಏರಿದರೆ ರೋಗ ಮರಳಿದೆ. ಮರಳಿದಾಗ ಅದೇ ಔಷಧಿಗಳು ಮತ್ತೆ ಕೆಲಸ ಮಾಡಬಹುದು, ಆದರೆ ಎರಡನೇ ಬಿಡುವು ಮೊದಲಿನದಕ್ಕಿಂತ ಚಿಕ್ಕದಿರುತ್ತದೆ.

ಪ್ರಶ್ನೆ: ಮನೆಯಲ್ಲಿ ಸೊಸೆ ಗರ್ಭಿಣಿ. ನಾಯಿಗೆ ಕೀಮೋ ನಡೆಯುತ್ತಿದೆ. ಏನು ಎಚ್ಚರಿಕೆ? (ಮಂಗಳೂರು)

ಸೊಸೆಯವರು ಮಾತ್ರೆ, ಮಲಮೂತ್ರ, ವಾಂತಿ ಯಾವುದನ್ನೂ ಮುಟ್ಟಬಾರದು. ಮುದ್ದಿಸುವುದಕ್ಕೆ ಅಡ್ಡಿಯಿಲ್ಲ. ಔಷಧಿ ಕೊಟ್ಟ ಮೂರು ದಿನ ಉಳಿದವರೂ ಗ್ಲೌಸ್ ಹಾಕಿ ಶುಚಿ ಮಾಡಿ, ಹಾಸಿಗೆಯನ್ನು ಬೇರೆಯಾಗಿ ಒಗೆಯಿರಿ. ಮಾತ್ರೆ ಮುರಿಯಬೇಡಿ, ಪುಡಿ ಮಾಡಬೇಡಿ. ಸೈಕ್ಲೊಫಾಸ್ಫಮೈಡ್ ಬೆಳಗ್ಗೆ ಕೊಟ್ಟು ದಿನವಿಡೀ ನೀರು ಕುಡಿಸಿ, ಆಗಾಗ ಹೊರಗೆ ಬಿಡಿ. ಮೂತ್ರದಲ್ಲಿ ರಕ್ತ ಕಂಡರೆ ಔಷಧಿ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಒಂದು ವಾರದ ಆಸುಪಾಸು ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ, ಆಗ 39.5 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಿರಿ.

ಪ್ರಶ್ನೆ: ಎಂಜಿನಿಯರಿಂಗ್ ವಿದ್ಯಾರ್ಥಿನಿ ನಾನು. ಲಿಂಫೋಮಾ ಸ್ಲೈಡ್ ಚಿತ್ರಗಳಿಂದ ಬಗೆ ಗುರುತಿಸಿ, ಆಯಸ್ಸು ಊಹಿಸುವ ಕಂಪ್ಯೂಟರ್ ಮಾಡೆಲ್ ಮಾಡಬೇಕೆಂದಿದ್ದೇನೆ. ಎಲ್ಲಿ ಎಡವುತ್ತಾರೆ? (ಹುಬ್ಬಳ್ಳಿ)

ಮೊದಲ ಗುಂಡಿ: ಒಂದೇ ನಾಯಿಯ ಸ್ಲೈಡಿನ ಚೂರುಗಳು ಕಲಿಕೆಗೂ ಪರೀಕ್ಷೆಗೂ ಹಂಚಿಹೋಗುವುದು. ಹಾಗಾದರೆ ಮಾಡೆಲ್ ರೋಗವನ್ನಲ್ಲ, ಆ ನಾಯಿಯ ಸ್ಲೈಡಿನ ಬಣ್ಣವನ್ನು ಕಲಿತು ಭರ್ಜರಿ ಅಂಕ ತೋರಿಸುತ್ತದೆ. ವಿಂಗಡಣೆ ನಾಯಿಯ ಮಟ್ಟದಲ್ಲಿ ಆಗಲಿ, ಕೊನೆಯ ಪರೀಕ್ಷೆ ಬೇರೊಂದು ಪ್ರಯೋಗಾಲಯದ, ಬೇರೊಂದು ಸ್ಕ್ಯಾನರ್‌ನ ಸ್ಲೈಡುಗಳ ಮೇಲೆ ಆಗಲಿ.

ಡಿಎಲ್‌ಬಿಸಿಎಲ್ ಅರ್ಧಕ್ಕಿಂತ ಹೆಚ್ಚಿರುವುದರಿಂದ 'ಎಲ್ಲವೂ ಡಿಎಲ್‌ಬಿಸಿಎಲ್' ಎನ್ನುವ ಪೆದ್ದು ಮಾಡೆಲ್ ಕೂಡ ಶೇ 50 ದಾಟುತ್ತದೆ. ಒಟ್ಟು ನಿಖರತೆ ಬಿಟ್ಟು ಪ್ರತಿ ಬಗೆಯ ಸಂವೇದನೆ, ಅಂದರೆ ಆ ಬಗೆಯವುಗಳಲ್ಲಿ ಎಷ್ಟನ್ನು ಸರಿಯಾಗಿ ಗುರುತಿಸಿತು ಎಂಬುದನ್ನು, ಬರೆಯಿರಿ. ಮೇಲೆ ಹೇಳಿದ 300 ಸ್ಲೈಡುಗಳ ಅಧ್ಯಯನದಲ್ಲಿ ರೋಗಶಾಸ್ತ್ರಜ್ಞರ ನಿಖರತೆಯೇ ಶೇ 83 ಇತ್ತು. ಅಂದಮೇಲೆ ಒಬ್ಬರ ಅಭಿಪ್ರಾಯವನ್ನು ಸತ್ಯವೆಂದು ಕಲಿಸಿ ಶೇ 99 ಬಂತು ಎಂದರೆ ಪರೀಕ್ಷೆಯ ಉತ್ತರ ಕಲಿಕೆಯೊಳಗೆ ಎಲ್ಲೋ ಸೋರಿದೆ. ಬಿ, ಟಿ ಭೇದಕ್ಕೆ ಮಾಮೂಲಿ ಎಚ್-ಇ ಬಣ್ಣದ ಚಿತ್ರ ನೋಡಿ ಹೆಸರಿಸಬೇಡಿ, ಇಮ್ಯುನೋ ವರದಿಯಿಂದಲೇ ಲೇಬಲ್ ತನ್ನಿ. ನ್ಯೂಕ್ಲಿಯಸ್ ಅಳೆಯಲು ಅದೇ ಚಿತ್ರದ ಕೆಂಪು ರಕ್ತಕಣವನ್ನು ಅಳತೆಗೋಲು ಮಾಡಿಕೊಳ್ಳಿ. ಫಾರ್ಮಲಿನ್‌ನಲ್ಲಿ ಅಂಗಾಂಶ ಕುಗ್ಗುತ್ತದೆ, ಸೂಜಿ ಸ್ಲೈಡಿನ ಮೈಕ್ರಾನ್ ಲೆಕ್ಕ ಬಯಾಪ್ಸಿಗೆ ಹೊಂದುವುದಿಲ್ಲ.

ಆಯಸ್ಸಿನ ಊಹೆ ಇದಕ್ಕಿಂತ ಜಾರು ನೆಲ. ಇನ್ನೂ ಬದುಕಿರುವ, ಸಂಪರ್ಕ ತಪ್ಪಿದ ನಾಯಿಗಳನ್ನು ತೆಗೆದುಹಾಕಿದರೆ ಲೆಕ್ಕವೇ ಸುಳ್ಳಾಗುತ್ತದೆ. ಕಾಕ್ಸ್ ಮಾದರಿಯಂತಹ, ಅಪೂರ್ಣ ಅವಧಿಯನ್ನು ಸೇರಿಸಿಕೊಳ್ಳುವ ವಿಧಾನ ಬೇಕು. ಜೊತೆಗೆ ಯಾವ ಚಿಕಿತ್ಸೆ ಆಯಿತು ಎಂಬ ಕಾಲಂ ಕಡ್ಡಾಯ. ನಾಯಿಯ ಸಾವಿನ ದಿನ ಎಂದು ದಾಖಲೆಯಲ್ಲಿ ಇರುವುದು ಬಹುಪಾಲು ದಯಾಮರಣ ಕೊಟ್ಟ ದಿನ, ಅದರಲ್ಲಿ ರೋಗದಷ್ಟೇ ಮನೆಯವರ ಹಣ, ಬಿಡುವು, ನಿರ್ಧಾರ ಕೂಡ ಸೇರಿದೆ. ಹಾಗಾಗಿ ಆಯಸ್ಸಿನ ಬದಲು 'ರೋಗ ಮರಳಿ ಬರುವವರೆಗಿನ ದಿನಗಳು' ಎಂಬ ಗುರಿ ಇಟ್ಟುಕೊಂಡರೆ ಮಾಡೆಲ್ ಕಲಿಯುವುದು ರೋಗದ ಬಗ್ಗೆ. ಒಂದು ಕಾಲೇಜಿನ ಸ್ಲೈಡುಗಳಿಂದ ಶುರು ಮಾಡುವುದಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೋಗಶಾಸ್ತ್ರ ವಿಭಾಗವನ್ನು ಕೇಳಿ ನೋಡಬಹುದು.

ಪ್ರಶ್ನೆ: ಕೀಮೋ ನಮ್ಮ ಕೈಲಾಗದು. ಬರೀ ಪ್ರೆಡ್ನಿಸೋಲೋನ್ ಕೊಟ್ಟರೆ ತಪ್ಪೇ? (ಹಾಸನ)

ತಪ್ಪಲ್ಲ. ರೋಗ ಖಚಿತವಾದ ಮೇಲೆ, ಕೀಮೋ ಬೇಡವೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದ ಮೇಲೆ ಶುರು ಮಾಡಿ. ಒಂದು ತಿಂಗಳು ಮಾತ್ರೆ ಕೊಟ್ಟು ಆಮೇಲೆ ಕೀಮೋ ಕೇಳಿದರೆ ಮೊದಲೇ ಹೇಳಿದ ಪ್ರತಿರೋಧ ಎದುರಾಗುತ್ತದೆ. ಸಾಮಾನ್ಯವಾಗಿ ಕಿಲೋ ತೂಕಕ್ಕೆ ದಿನಕ್ಕೆ 2 ಮಿ.ಗ್ರಾಂನಿಂದ ಆರಂಭಿಸಿ ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ದೊಡ್ಡ ಗಾತ್ರದ ನಾಯಿಗೆ ಈ ಲೆಕ್ಕದಲ್ಲಿ ಹೆಚ್ಚಾಗುತ್ತದೆ, ಮೈವಿಸ್ತಾರದ ಮೇಲೆ ಕಡಿಮೆ ಮಾಡುತ್ತಾರೆ. ಹಸಿವು, ಬಾಯಾರಿಕೆ, ಮೂತ್ರ ಹೆಚ್ಚುವುದು ಮಾತ್ರೆಯಿಂದ, ನೀರಿನ ಬಟ್ಟಲು ಮುಚ್ಚಬೇಡಿ. ಊಟದ ಜೊತೆ ಕೊಡಿ. ಕೀಲುನೋವಿಗೆಂದು ಮೆಲಾಕ್ಸಿಕ್ಯಾಮ್‌ನಂತಹ ನೋವಿನ ಮಾತ್ರೆ ಈಗಾಗಲೇ ನಡೆಯುತ್ತಿದ್ದರೆ ಅದನ್ನು ನಿಲ್ಲಿಸಲೇಬೇಕು, ಎರಡೂ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ. ಮಲ ಟಾರಿನಂತೆ ಕಪ್ಪಗಾದರೆ ಅದೇ ದಿನ ವೈದ್ಯರಿಗೆ ತೋರಿಸಿ.